ಕುದುರೆ ದೊರೆ ಬಂಗ್ಲೆಯ ಹೊಸ್ತಿಲು

"ಒಪ್ಕೊಂಡ್ಬಿಟ್ನಂತೆ ಕಣೇ. ಬಾಗಿಲು ಸಾಗಿಸಿದ್ದು ನಾನೇ ಅಂತ ಪೊಲೀಸ್ರ ಮುಂದೆ ಒಪ್ಕೊಂಡ್ಬಿಟ್ನಂತೆ ನಮ್ ಜೀಷಾನ್."

ಇಷ್ಟು ಹೇಳಿ ಜೀಷಾನ್‌ನ ಅಕ್ಕ ರೆಹಾನಾ ಬಂಗ್ಲೆಯ ಗೇಟಿಗೆ ಬೆನ್ನು ಕೊಟ್ಟು ನಿಂತಳು. ಬಾಗಲಗುಂಟೆಯಿಂದ ಎರಡು ಬಸ್ ಬದಲಾಯಿಸಿ ಬರುವಷ್ಟು ಹೊತ್ತೂ ಪದ್ಮಶ್ರೀ ಒಂದು ಕ್ಷಮೆಯ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಅದರ ಮೊದಲ ಪದವೇ ಮರೆತುಹೋಯಿತು.

"ಹಂಗಾದ್ರೆ..." ಎಂದಳು.

"ಹಂಗಾದ್ರೆ ಏನು? ನಿನ್ ರೀಲ್ ನಿಜ ಆಯ್ತು ಅಂತ ಖುಷಿನಾ?"

"ಇಲ್ಲ ಅಕ್ಕ."

"ಎಲ್ಲಿಟ್ಟಿದ್ದೀಯ ಅಂದ್ರೆ ಬಾಯೇ ಬಿಡಲ್ವಂತೆ. ಕದ್ದೋನು ಜಾಗ ಹೇಳಲ್ಲ ಅಂದ್ರೆ ಏನರ್ಥ? ಕದ್ದಿಲ್ಲ ಅಂತ ಅರ್ಥ. ನಾಳೆ ಮಧ್ಯಾಹ್ನ ಕೋರ್ಟಿಗೆ ಕರ್ಕೊಂಡ್ ಹೋಗ್ತಾರೆ. ನೀನ್ ಶುರು ಮಾಡಿದ್ದು. ನೀನೇ ಮುಗಿಸು."

ಮೊನ್ನೆ ರಾತ್ರಿ ಹುಣಸಮಾರನಹಳ್ಳಿಯ ಈ ಬಂಗ್ಲೆಯ ಮುಂಬಾಗಿಲು ಚೌಕಟ್ಟು, ಹೊಸ್ತಿಲು ಸಮೇತ ಕಾಣೆಯಾಗಿತ್ತು. ನಿನ್ನೆ ಬೆಳಿಗ್ಗೆ ಅದನ್ನು ಮೊದಲು ನೋಡಿ ಕೂಗಿದವಳು ಪದ್ಮಶ್ರೀ. ಕೂಗಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಬಾಗಿಲು ರಿಪೇರಿಗೆ ಬಂದಿದ್ದ ಜೀಷಾನ್‌ನ ಫೋಟೋ ಹಾಕಿ, ಮೇಲೊಂದು ಬಾಣದ ಗುರುತು ಹಾಕಿ, ಕೆಳಗೆ 'ಕೊನೆಗೆ ಬಾಗಿಲು ಮುಟ್ಟಿದ್ದು ಯಾರು?' ಎಂದು ಬರೆದು, ರೀಲ್ ಮಾಡಿ ಊರಿಗೆಲ್ಲ ಹಂಚಿದ್ದಳು. ಇವತ್ತು ಬೆಳಿಗ್ಗೆ ಪೊಲೀಸರು ಯಶವಂತಪುರದಲ್ಲಿ ಹಳೇ ಮರ ಮಾರುವ ಅವನ ಅಂಗಡಿಯಿಂದಲೇ ಅವನನ್ನು ಎತ್ತಿಕೊಂಡು ಹೋಗಿದ್ದರು.

ರೀಲನ್ನು ಅವಳು ಬಸ್ಸಿನಲ್ಲೇ ಅಳಿಸಿ ಹಾಕಿದ್ದಳು. ಆದರೆ ಯಲಹಂಕದಲ್ಲಿ ಹತ್ತಿದ ಬಸ್ಸಿನಲ್ಲಿ ಹಿಂದಿನ ಸೀಟಿನ ಇಬ್ಬರು ಯಾರೋ ಕಳಿಸಿದ ಅದರ ನಕಲನ್ನೇ ನೋಡುತ್ತಿದ್ದರು. "ಈ ಹುಡ್ಗಿ ಪಕ್ಕಾ ಪತ್ತೇದಾರಿ ಮಗಾ" ಎಂದು ಒಬ್ಬ ಮೆಚ್ಚಿಕೊಂಡ. ಪದ್ಮಶ್ರೀ ದುಪಟ್ಟಾವನ್ನು ಮೂಗಿನವರೆಗೂ ಎಳೆದುಕೊಂಡಿದ್ದಳು.

"ಒಳಗೆ ಬಾ ಅಕ್ಕ. ಇನ್ನೊಂದ್ಸಲ ನೋಡೋಣ."

"ನೋಡೋಣ. ಈ ಸಲ ಬಾಣ ಯಾರ ಮೇಲೆ ಹಾಕ್ತೀಯೋ."

ಪದ್ಮಶ್ರೀ ಗೇಟು ತಳ್ಳಿ ಒಳಗೆ ನಡೆದಳು.

ಬಂಗ್ಲೆ ಮಾತ್ರ ಏನೂ ಆಗದ ಹಾಗೆ ಮೆರೆಯುತ್ತಿತ್ತು. ಕಿಟಕಿಗಳ ಮೇಲೆ ಚೂಪಾದ ಮರದ ಟೋಪಿಗಳು. ಮಂಕಿ ಟಾಪ್ ಎಂದು ಅವಕ್ಕೆ ಹೆಸರು. ಬೆಲ್ಲ, ಸುಣ್ಣ ಅರೆದು ಬಳಿದ ಗಾರೆ ಗೋಡೆ. ತೇಗದ ತೊಲೆಗಳ ಮೇಲೆ ಇಟ್ಟಿಗೆ ಸಾಲಿಟ್ಟು ಕಟ್ಟಿದ ತಾರಸಿ. ಹಜಾರದಲ್ಲಿ ಒಂದು ಬೆಂಕಿಗೂಡು. ಬೆಂಗಳೂರಿನ ಚಳಿಗೆ ಅದು ಯಾರಿಗೆ ಬೇಕಿತ್ತೋ, ಊರಿನ ನೆನಪಿಗೆ ಕಟ್ಟಿಸಿಕೊಂಡಿರಬೇಕು.

ಕಟ್ಟಿಸಿದವನು ದಂಡಿನ ಪಟಾಲಮ್ಮಿಗೆ ಕುದುರೆ ಸಾಕಿ ಕೊಡುತ್ತಿದ್ದ ಇಂಗ್ಲಿಷ್ ದೊರೆ. ಕಟ್ಟಿದವನು ಈ ಊರಿನ ಮೇಸ್ತ್ರಿ ಬೈರಪ್ಪ. ದೊರೆ ಹಡಗು ಹತ್ತಿದ ಮೇಲೆ ಬಂಗ್ಲೆ ಮೇಸ್ತ್ರಿಯ ಕೈಗೇ ಬಂತು. ಈಗ ಅವನ ಮೊಮ್ಮಗ ಚಿಕ್ಕಬೈರಪ್ಪ ಪಕ್ಕದಲ್ಲೇ ನಾಲ್ಕು ಅಂತಸ್ತಿನ ಹೊಸ ಮನೆ ಕಟ್ಟಿಕೊಂಡಿದ್ದಾರೆ. ಬಂಗ್ಲೆ ಸಂರಕ್ಷಿತ ಎಂದು ಸರ್ಕಾರ ಬೋರ್ಡು ನೆಟ್ಟ ಮೇಲೆ ಒಂದು ಮೊಳೆ ಹೊಡೆಯುವುದಕ್ಕೂ ಅನುಮತಿ ಬೇಕು. ಗೆದ್ದಲು ಹಿಡಿದ ಬಾಗಿಲ ಚೌಕಟ್ಟು ಬಿಚ್ಚಲು ಅನುಮತಿ ತಂದು, ಕೆಲಸಕ್ಕೆ ಜೀಷಾನ್‌ನನ್ನು ಕರೆಸಿದ್ದರು. ಆರ್ಕಿಟೆಕ್ಚರ್ ಓದುತ್ತಿದ್ದ ಪದ್ಮಶ್ರೀ ಕಾಲೇಜಿನ ಕೆಲಸಕ್ಕೆಂದು ಅದೇ ವಾರ ಬಂಗ್ಲೆಯನ್ನು ಅಳತೆ ಮಾಡಿ ಬರೆಯಲು ಬಂದಿದ್ದಳು.

ಬಾಗಿಲಿದ್ದ ಜಾಗದಲ್ಲಿ ಈಗ ಗೋಡೆ ಬಾಯಿ ತೆರೆದಿತ್ತು. ಕೆಳಗೆ, ಹೊಸ್ತಿಲ ಕಲ್ಲು ಕೂತಿದ್ದ ಕಡೆ, ಉದ್ದಕ್ಕೆ ಒಂದು ಹಳ್ಳ. ಹಳ್ಳದ ಅಂಚಿಗೆ ಅರಿಶಿನ, ಕುಂಕುಮ. ಮುಂದೆ ಎರಡೆಳೆ ರಂಗೋಲಿ, ಒಂದಿಷ್ಟು ಅಳಿಸಿತ್ತು.

"ಇದೇನು?" ರೆಹಾನಾ ಕೇಳಿದಳು.

"ಪೂಜೆ. ಪೊಲೀಸ್ರೂ ಕೇಳಿದ್ರು. ಬಾಗಿಲು ಹೋದ್ಮೇಲೆ ಮನೆಯವರು ಮಾಡಿರ್ತಾರೆ ಅಂತ ಅವರೇ ಅಂದ್ಕೊಂಡು ಹೋದ್ರು."

"ಮನೆಯವರು ಯಾವಾಗ ಬಂದ್ರು?"

"ನಾನು ಕೂಗಿದ್ಮೇಲೆ. ಅಲ್ಲೀತನಕ ಯಾರೂ ಈ ಕಡೆ ತಲೆ ಹಾಕಿರ್ಲಿಲ್ಲ ಅಂತ ಎಲ್ರೂ..."

ಅವಳು ಬ್ಯಾಗಿನಿಂದ ಫೋನ್ ತೆಗೆದು ಗ್ಯಾಲರಿಯನ್ನು ಮೇಲಕ್ಕೆ ತಳ್ಳುತ್ತಾ ಹೋದಳು. ಕಾಫಿ, ಬೆಕ್ಕು, ತನ್ನದೇ ಮುಖ, ಮತ್ತೆ ತನ್ನದೇ ಮುಖ, ಬಂಗ್ಲೆ. ನಿನ್ನೆ ಬೆಳಿಗ್ಗೆ, ಕೂಗುವುದಕ್ಕೂ ಮೊದಲು ತೆಗೆದ ಫೋಟೋ ಸಿಕ್ಕಿತು. ಮೊದಲು ಫೋಟೋ, ಆಮೇಲೆ ಕೂಗು; ಅದು ಅವಳ ಅಭ್ಯಾಸ.

ಫೋಟೋದ ಕೆಳಗಡೆ, ಹಳ್ಳದ ಅಂಚಿನಲ್ಲಿ, ಹಳದಿ ಬಣ್ಣ ಮೆತ್ತಿತ್ತು. ಎರಡೆಳೆ ರಂಗೋಲಿ ಒಂಚೂರೂ ಅಳಿಸದೆ ನಿಂತಿತ್ತು.

"ರೀಲ್‌ನಲ್ಲಿ ಇದಿರ್ಲಿಲ್ಲ" ಎಂದಳು ರೆಹಾನಾ. ಆ ರೀಲನ್ನು ಅವಳು ಎಷ್ಟು ಸಲ ನೋಡಿದ್ದಳೋ.

"ಕಟ್ ಮಾಡಿದ್ದೆ."

"ಯಾಕೆ?"

"ಹಳದಿ ಕಲೆ... ಚೆನ್ನಾಗ್ ಕಾಣ್ತಿರ್ಲಿಲ್ಲ."

ರೆಹಾನಾ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅವಳು ಫೋನನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿ, "ನನ್ ತಮ್ಮನ್ನ ಉಳಿಸೋದು ಇದರಲ್ಲಿತ್ತು. ಚೆನ್ನಾಗಿ ಕಾಣ್ಲಿಲ್ಲ" ಎಂದಷ್ಟೇ ಹೇಳಿದಳು.

ಪದ್ಮಶ್ರೀಯ ಕಿವಿ ಕಾದವು. ಆದರೂ ತಲೆ ಓಡುತ್ತಿತ್ತು. ಹೊರಗಿನ ಕಳ್ಳ ಹೊಸ್ತಿಲು ಕಿತ್ತು ಓಡುತ್ತಾನೆ. ಕಿತ್ತ ಜಾಗಕ್ಕೆ ಅರಿಶಿನ ಹಚ್ಚುತ್ತಾ ಕೂರುವುದಿಲ್ಲ. ಜೀಷಾನ್‌ಗೆ ಆ ಶಾಸ್ತ್ರವೇ ಇಲ್ಲ. ಹೊಸ್ತಿಲಿದ್ದ ಜಾಗ ಬರಿದಾಗಿರುವುದನ್ನು ನೋಡಿ ಸಹಿಸಲಾರದ ಕೈ ಯಾವುದು? ದಿನಾ ಹೊಸ್ತಿಲು ತೊಳೆಯುವ ಕೈ.

ಅವಳು ಗೇಟಿನಾಚೆ, ಹೊಸ ಮನೆಯ ಬಾಗಿಲ ಕಡೆ ನೋಡಿದಳು. ಅಲ್ಲೂ ಎರಡೆಳೆ ರಂಗೋಲಿ. ಎರಡು ತುದಿಗೂ ಅದೇ ಥರದ ಒಂದೊಂದು ಸುರುಳಿ.

* * *

ಚಿಕ್ಕಬೈರಪ್ಪನವರ ಹೆಂಡತಿ ಲಕ್ಷ್ಮಿದೇವಮ್ಮ ಕಾಫಿ ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ತಾವಾಗಿಯೇ ಬಂದರು. ಈ ವಾರವೆಲ್ಲ ಪದ್ಮಶ್ರೀಗೆ ಮಧ್ಯಾಹ್ನ ಮುದ್ದೆ, ಬಸ್ಸಾರು ಬಡಿಸಿದವರು ಅವರೇ.

"ಬಿಸ್ಲಲ್ಲಿ ಯಾಕ್ ನಿಂತಿದ್ದೀರವ್ವ? ಇದ್ಯಾರು?"

"ಜೀಷಾನ್ ಅಕ್ಕ, ದೊಡ್ಡಮ್ಮ."

ತಟ್ಟೆಯಲ್ಲಿ ಲೋಟಗಳು ಒಂದಕ್ಕೊಂದು ತಾಗಿದವು. ಲಕ್ಷ್ಮಿದೇವಮ್ಮ ಬಾಗಿಲಿಲ್ಲದ ಬಾಗಿಲ ಹತ್ತಿರ ಬಂದರು. ಹೊಸ್ತಿಲೇ ಇರಲಿಲ್ಲ, ಆದರೂ ಇದ್ದ ಜಾಗವನ್ನು ತುಳಿಯದೆ, ಸೀರೆ ಒಂಚೂರು ಎತ್ತಿ, ದಾಟಿ ಒಳಗೆ ಬಂದರು.

"ನಿನ್ನೆ ನಾನ್ ಕೂಗೋಕ್ ಮುಂಚೆ ನೀವ್ ಇಲ್ಲಿಗ್ ಬಂದಿದ್ರಿ" ಎಂದಳು ಪದ್ಮಶ್ರೀ.

"ನಾನ್ಯಾಕ್ ಬರ್ಲವ್ವ?"

ಪದ್ಮಶ್ರೀ ಫೋನ್ ಮುಂದೆ ಹಿಡಿದಳು. ಅವರು ಕಣ್ಣು ಕಿರಿದು ಮಾಡಿ ನೋಡಿದರು. ನೋಡಿ, ತಟ್ಟೆಯನ್ನು ಬೆಂಕಿಗೂಡಿನ ಕಟ್ಟೆ ಮೇಲಿಟ್ಟು, ಅಲ್ಲೇ ಕೂತರು.

"ಬರಿದಾಗ್ ಬಿಡಬಾರ್ದಲ್ವಾ" ಎಂದರು ಕೊನೆಗೆ. "ಹೊಸ್ತ್ಲು ಇಲ್ದಿದ್ ಮನೆ ನೋಡಕ್ಕಾಗ್ಲಿಲ್ಲ. ಕೈಯಿ ತಂತಾನೇ ಓಯ್ತು."

"ಆಗ್ಲೇ ಬಾಗಿಲಿರ್ಲಿಲ್ವಾ?"

"ಬಾಗ್ಲೂ ಇರ್ಲಿಲ್ಲ, ಕಲ್ಲೂ ಇರ್ಲಿಲ್ಲ."

"ಮತ್ತೆ ಯಾಕ್ ಸುಮ್ನಿದ್ರಿ?" ಇದು ರೆಹಾನಾ. "ನಮ್ ಹುಡುಗನ್ನ ಎಳ್ಕೊಂಡ್ ಹೋದ್ರಲ್ಲ ಬೆಳಿಗ್ಗೆ, ಆಗ್ಲೂ ಯಾಕ್ ಸುಮ್ನಿದ್ರಿ? ಅವನು ನಿಮ್ಮನೇಲಿ ಅನ್ನ ತಿಂದಿದ್ದ. ನಮ್ಮಮ್ಮಂಗೆ ಬಂದ್ ಹೇಳಿದ್ದ, ಅಲ್ಲೊಬ್ರು ಅಜ್ಜಿ ಇದಾರೆ, ಬಡಿಸಿದ್ದು ಸಾಕು ಅಂದ್ರೂ ಬಿಡಲ್ಲ ಅಂತ."

ಲಕ್ಷ್ಮಿದೇವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುವುದಕ್ಕಲ್ಲ. ಮಾತು ಹೊರಗೆ ಬರದಿರಲಿ ಎಂದು ಹಿಡಿದ ಹಾಗಿತ್ತು.

"ಅವ್ನು ಒಪ್ಕೊಂಡ್ಬಿಟ್ಟಿದಾನೆ ದೊಡ್ಡಮ್ಮ" ಎಂದಳು ಪದ್ಮಶ್ರೀ.

"ಒಪ್ಕೊಂಡ್ನಾ?" ಸೆರಗು ಜಾರಿತು. "ಅಯ್ಯೋ ಶಿವನೇ. ನಾನ್ ಯೋಳ್ಬೇಡ ಅಂದಿದ್ದು ಕಲ್ಲಿನ್ ಇಸ್ಯ ಕಣವ್ವ. ಇಂಗ್ ಮಾಡ್ತಾನೆ ಅಂತ ನಂಗೇನ್ ಗೊತ್ತು?"

"ಯಾವ ಕಲ್ಲು?"

"ಹೊಸ್ತ್ಲು. ಹೊಸ್ತ್ಲಲ್ಲ ಅದು."

ಅವರು ನಿಧಾನವಾಗಿ ಹೇಳಿದರು. ಮೊನ್ನೆ ಸಂಜೆ ಜೀಷಾನ್ ಚೌಕಟ್ಟು ಬಿಚ್ಚಿ, ಬಾಗಿಲ ಸಮೇತ ಗೋಡೆಗೆ ಒರಗಿಸಿದ್ದ. ಹೊಸ್ತಿಲ ಕಲ್ಲು ಒಂದು ಕಡೆ ಕುಸಿದಿದೆ, ಸಮ ಮಾಡಿ ಕೂರಿಸುತ್ತೇನೆ ಎಂದು ಹಾರೆ ಹಾಕಿ ಎತ್ತಿದ್ದ. ಆಗ ಅವನೇ ಕರೆದ, "ಅಜ್ಜಿ, ಇಲ್ಲಿ ಯಾರೋ ಇದ್ದಾರೆ" ಅಂತ.

"ಬಗ್ಗಿ ನೋಡಿದ್ರೆ ಕುದ್ರೆ ಮ್ಯಾಲೆ ಕೂತವ್ನೆ. ಕೈಯಾಗ್ ಕತ್ತಿ. ತಲೆ ಮ್ಯಾಲೆ ದೇವಲೋಕದ ಎಣ್ಮಕ್ಳು. ವೀರಗಲ್ಲು ಕಣವ್ವ. ನಮ್ಮೂರ್ ವೀರಣ್ಣ. ನೂರೊರ್ಷಕ್ಕೂ ಮ್ಯಾಲಾಯ್ತು ಅವ್ನು ಕಾಣೆಯಾಗಿ. ನಮ್ ಯಜಮಾನ್ರ ತಾತ, ಮೇಸ್ತ್ರಿ ಬೈರಪ್ಪ, ಅವ್ರೇ ಎತ್ತಾಕ್ಕೊಂಡ್ ಬಂದು ಮಖ ಕೆಳಕ್ ಮಾಡಿ ದೊರೆ ಬಾಗ್ಲಿಗ್ ಆಸವ್ರೆ. ದೊಡ್ ಬಾಗ್ಲಿಗೆ ದೊಡ್ ಕಲ್ಲು ಬೇಕಿತ್ತು. ಅಷ್ಟೇ."

ಮೇಲೆ ಗಾಳಿಕಂಡಿಯ ಹಗ್ಗ ಗಾಳಿಗೆ ಗೋಡೆಗೆ ಬಡಿಯುತ್ತಿತ್ತು.

"ನಾನ್ ಮದ್ವೆಯಾಗ್ ಬಂದಾಗ್ಲಿಂದ ದಾಟಿದ್ದೀನಿ. ಅರಿಶಿನ ಹಚ್ಚಿದ್ದೀನಿ, ಸರಿ. ಆದ್ರೆ ಬೆನ್ನಿಗ್ ಹಚ್ಚಿದ್ದೀನಿ. ಈ ಬಂಗ್ಲೆ ನೋಡಕ್ಕೆ ಇಸ್ಕೂಲ್ ಮಕ್ಳು ಬತ್ತಾರೆ, ನಮ್ ಯಜಮಾನ್ರು ನಮ್ ತಾತ ಕಟ್ಟಿದ್ದು ಅಂತ ಎದೆ ಉಬ್ಬಿಸ್ಕಂಡ್ ಯೋಳ್ತಾರೆ. ಏನಂತ ಯೋಳಾನ ಈಗ? ಅದ್ಕೇ ಆ ಹುಡುಗ್ನ ಕೈ ಹಿಡ್ಕೊಂಡೆ. ಅಪ್ಪಾ, ಯಾರ್ಗೂ ಯೋಳ್ಬ್ಯಾಡ, ಇದ್ದಂಗೇ ಮುಚ್ಬುಡು ಅಂದೆ. ಆಯ್ತಜ್ಜಿ ಅಂದ. ಬೆಳಗ್ಗೆ ನೋಡಿದ್ರೆ ಎಲ್ಡೂ ಇಲ್ಲ. ನನ್ ಮಾನ ಉಳ್ಸಕ್ಕೆ ಅವ್ನೇ ಎಲ್ಲಾರಾ ಸಾಗ್ಸಿದ್ನೇನೋ ಅಂದ್ಕಂಡೆ."

"ಅಂದ್ಕೊಂಡು ಸುಮ್ನಾದ್ರಿ" ಎಂದಳು ರೆಹಾನಾ.

"ಸುಮ್ನಾದೆ."

ರೆಹಾನಾ ಮುಖ ತಿರುಗಿಸಿದಳು. ಕಾಫಿ ಮೇಲೆ ಕೆನೆ ಕಟ್ಟುತ್ತಿತ್ತು.

ಪದ್ಮಶ್ರೀ ಮತ್ತೆ ಫೋನ್ ತೆಗೆದಳು. ಮೊನ್ನೆ ಸಂಜೆ ಮನೆಗೆ ಹೊರಡುವ ಮೊದಲು ಅವಳೂ ಒಂದು ಫೋಟೋ ತೆಗೆದಿದ್ದಳು. ಜೀಷಾನ್ ಕಲ್ಲನ್ನು ಇನ್ನೂ ಪೂರ್ತಿ ಇಳಿಸಿರಲಿಲ್ಲ. ಎತ್ತಿದ ಅಂಚಿನ ಕೆಳಗೆ, ಮಣ್ಣು ಮೆತ್ತಿಕೊಂಡು, ಒಂದು ಗೊರಸು, ಒಂದು ಮೊಣಕಾಲು. ಕುದುರೆ ದೊರೆಯ ಮನೆಯಲ್ಲವೇ, ಕುದುರೆಯನ್ನು ಅವನೇ ಕೆತ್ತಿಸಿರುತ್ತಾನೆ ಎಂದುಕೊಂಡು, ಫೋಟೋದ ಕೆಳಗೆ 'ಇಂಗ್ಲಿಷ್ ಕೆತ್ತನೆ, ಸೂಪರ್' ಎಂದು ಬರೆದಿಟ್ಟಿದ್ದಳು. ಮೂರು ವರ್ಷ ಆರ್ಕಿಟೆಕ್ಚರ್ ಓದಿದ್ದರ ಫಲ.

"ದೊಡ್ಡಮ್ಮ, ಆ ಕಲ್ಲು ಕಾಣೆಯಾದಾಗ ಊರಲ್ಲಿ ಯಾರೂ ಕೇಳ್ಲಿಲ್ವಾ?"

"ಕೇಳ್ದಿದ್ರೆ ಚೆಂದಾಗಿತ್ತು. ಕೇಳಿ, ತಪ್ಪು ಮನುಷ್ಯನ್ ಮ್ಯಾಲೆ ಆಕುದ್ರು. ವೀರಣ್ಣಂಗೆ ಪೂಜೆ ಮಾಡ್ತಿದ್ದ ಮನೆಯೋನು, ಚಿಕ್ಕಮಾರಯ್ಯ ಅಂತ. ದೊರೆ ಹತ್ರ ಕಾಸಿಸ್ಕಂಡು ದೇವ್ರನ್ನೇ ಮಾರ್ಕಂಡ ಅಂದ್ರು. ಬಾವಿ ನೀರು ನಿಲ್ಸುದ್ರು. ಎಂಡ್ರು ಮಕ್ಳು ಕಟ್ಕಂಡು ಊರ್ ಬಿಟ್ಟ. ನಮ್ ಮೇಸ್ತ್ರಿ ತಾತ ಪಂಚಾಯ್ತಿ ಕಟ್ಟೆ ಮ್ಯಾಲೇ ಕೂತಿದ್ರಂತೆ. ಒಂದ್ ಮಾತ್ ಆಡ್ಲಿಲ್ಲ."

ಪದ್ಮಶ್ರೀ ಫೋನನ್ನು ಕೆಳಗಿಳಿಸಿದಳು.

"ಎಲ್ಲಿಗೆ ಹೋದ್ರು?"

"ಬಾಗಲಗುಂಟೆ ಕಡೀಕೆ ಅಂತಾರೆ. ಯಾಕವ್ವ?"

ಪದ್ಮಶ್ರೀಯ ಅಜ್ಜಿ ಮುನಿಶಾಮಮ್ಮ ಬೈಯುವಾಗಲೆಲ್ಲ ಬರುವ ಮಾತೊಂದಿತ್ತು: "ಚಿಕ್ಕಮಾರಯ್ಯನ್ ಮೊಮ್ಮಗ್ಳು ಕಣೇ ನಾನು, ಸುಳ್ಳಾಡಕಿಲ್ಲ." ಅವರ ಬಾಗಲಗುಂಟೆ ಮನೆಯ ಹಿತ್ತಲಿನಲ್ಲಿ ಒಂದು ಖಾಲಿ ಕಟ್ಟೆಯಿತ್ತು. ಅಮಾವಾಸ್ಯೆಗೆ ಅಜ್ಜಿ ಅದರ ಮುಂದೆ ಎಡೆ ಇಡುತ್ತಿದ್ದಳು. ದೇವರೇ ಇಲ್ಲವಲ್ಲ ಅಜ್ಜಿ ಎಂದು ಮಕ್ಕಳು ನಕ್ಕರೆ, "ಬತ್ತಾನೆ ಬುಡ್ರಿ" ಎನ್ನುತ್ತಿದ್ದಳು.

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಪದ್ಮಶ್ರೀ ಎಂದಿನಂತೆ ಫೋಟೋಗಳನ್ನೆಲ್ಲ ಅಜ್ಜಿಗೆ ತೋರಿಸಿದ್ದಳು. ಗೊರಸಿನ ಫೋಟೋ ಬಂದಾಗ ಅಜ್ಜಿ ಎರಡು ಬೆರಳಿಟ್ಟು ಹಿಗ್ಗಿಸಿ, ಬಹಳ ಹೊತ್ತು ನೋಡಿದ್ದಳು. "ಈ ಮನೆ ಎಲ್ಲೈತೆ?" ಎಂದು ಕೇಳಿ, ಹುಣಸಮಾರನಹಳ್ಳಿ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಟ್ಟೆಯಲ್ಲೇ ಕೈ ತೊಳೆದು, ಮಗ ಗಿರಿಗೆ ಫೋನ್ ಮಾಡಲು ಎದ್ದಿದ್ದಳು. ಗಿರಿ ಮಾಮನದು ಟೆಂಪೋ.

ಪದ್ಮಶ್ರೀಯ ಬ್ಯಾಗಿನಲ್ಲಿ ಒಂದು ಡಬ್ಬಿಯಿತ್ತು. ಬೆಳಿಗ್ಗೆ ಅಜ್ಜಿ ತುಂಬಿಕೊಟ್ಟ ಸಿಹಿ ಕಡುಬು. ಯಾವ ಹಬ್ಬ ಎಂದು ಕೇಳಿದ್ದಕ್ಕೆ, "ತಿನ್ನು ಸುಮ್ಕೆ" ಎಂದಿದ್ದಳು.

"ಏನಾಯ್ತೇ?" ರೆಹಾನಾ ಭುಜ ಅಲುಗಿಸಿದಳು. "ಮುಖ ಯಾಕ್ ಹಂಗಾಯ್ತು?"

ಸುಮ್ಮನಿರಬಹುದಿತ್ತು. ಕಟ್ಟೆ ಮೇಲೆ ಕೂತಿದ್ದ ಮೇಸ್ತ್ರಿ ಸುಮ್ಮನಿದ್ದ. ಈ ದೊಡ್ಡಮ್ಮ ಸುಮ್ಮನಿದ್ದರು. ಪದ್ಮಶ್ರೀ ಅಜ್ಜಿಯ ನಂಬರ್ ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಕಾಫಿ ತಟ್ಟೆಯ ಪಕ್ಕ ಇಟ್ಟಳು.

"ಏನವ್ವ, ಕಡುಬು ತಿಂದಾ?"

"ಅಜ್ಜಿ, ಹಿತ್ಲಲ್ಲಿ ಯಾರಿದಾರೆ?"

ಅಜ್ಜಿ ನಕ್ಕಳು. ಅಷ್ಟು ಹಗುರಾಗಿ ಅವಳು ನಕ್ಕಿದ್ದನ್ನು ಪದ್ಮಶ್ರೀ ಕೇಳಿರಲಿಲ್ಲ.

"ಯಜಮಾನ ಬಂದವ್ನೆ ಕಣವ್ವ. ಮಖ ತೊಳ್ದಿವ್ನಿ. ಅಮಾಸೆಗೆ ನಿಂಗೆ ತೋರ್ಸಾನ ಅಂತ ಮುಚ್ಚಿಟ್ಟಿದ್ದೆ. ನಮ್ ತಾತ ಕಳ್ಳ ಅಲ್ಲ ಅಂತ ಈಗ್ ಗೊತ್ತಾಯ್ತಲ್ಲ."

ಲಕ್ಷ್ಮಿದೇವಮ್ಮ ಫೋನನ್ನೇ ನೋಡುತ್ತಾ ಎದ್ದು ನಿಂತರು.

"ಅಜ್ಜಿ, ಆ ಕಲ್ಲಿಗೋಸ್ಕರ ಇಲ್ಲೊಬ್ಬ ಹುಡುಗ ಸ್ಟೇಷನ್‌ನಲ್ಲಿದಾನೆ. ಬಾಗಿಲು ಕದ್ದ ಅಂತ." ಪದ್ಮಶ್ರೀ ಒಮ್ಮೆ ರೆಹಾನಾಳನ್ನು ನೋಡಿದಳು. "ಕಳ್ಳ ಅಂತ ಊರಿಗೆಲ್ಲ ಹೇಳಿದ್ದು ನಾನೇ."

ಅಜ್ಜಿಯ ನಗು ನಿಂತಿತು.

"ನೀನಾ?" ಎಂದಳು ಅಜ್ಜಿ. "ಚಿಕ್ಕಮಾರಯ್ಯನ್ ಮನೆ ಹುಡ್ಗಿ ನೀನು. ನೀನ್ ಆ ಮಾತ್ ಅಂದ್ಯಾ?"

ಪದ್ಮಶ್ರೀ ತಲೆ ತಗ್ಗಿಸಿದಳು, ಅಜ್ಜಿ ಎದುರಿಗೇ ಕೂತಿದ್ದಾಳೇನೋ ಎಂಬಂತೆ.

"ಬಾಗ್ಲು ಅಂದ್ಯಲ್ಲ, ಯಾವ್ ಬಾಗ್ಲು?"

"ನೀವು ಕಲ್ಲಿನ ಜೊತೆ ತಗೊಂಡ್ ಬಂದ್ರಲ್ಲ, ಅದೇ."

"ಬಾಗ್ಲು ನಮ್ಗ್ ಯಾಕವ್ವ? ಅದು ಗೋಡೆಗ್ ಒರಗ್ಸಿತ್ತು. ಗಿರಿನೂ ಅವ್ನ ಹುಡುಗ್ರೂ ಕಲ್ಲೆತ್ತಿ ಗಾಡಿಗ್ ಆಕುದ್ರು. ಹೊರಡೋವಾಗ್ಲೂ ಬಾಗ್ಲು ಅಲ್ಲೇ ಇತ್ತು. ನಾನೇ ಕಣ್ಣಾರೆ ನೋಡಿವ್ನಿ."

ಪದ್ಮಶ್ರೀ ತಲೆ ಎತ್ತಿದಳು. ರೆಹಾನಾಳ ಮುಖದಲ್ಲಿ ಬೆಳಗಿನಿಂದ ಇದ್ದ ಸಿಟ್ಟು ಮೆಲ್ಲಗೆ ಇಳಿದುಹೋಗುತ್ತಿತ್ತು. ಅದರ ಜಾಗಕ್ಕೆ ಬಂದ ಅಳುಕು ಪದ್ಮಶ್ರೀಗೆ ಚೆನ್ನಾಗಿ ಪರಿಚಯವಿತ್ತು. ಇಡೀ ದಿನ ಅವಳೇ ಅದನ್ನು ಹೊತ್ತುಕೊಂಡು ತಿರುಗಿದ್ದಳು.

"ಅಕ್ಕ?"

"ಹೆಬ್ಬಾಳದಲ್ಲಿ ನಮ್ದೊಂದು ಗೋಡೌನ್ ಇದೆ" ಎಂದಳು ರೆಹಾನಾ, ಯಾರನ್ನೂ ನೋಡದೆ. "ಪೊಲೀಸ್ರಿಗೆ ಹೇಳಿಲ್ಲ. ಅದರ ಬೀಗದ ಕೈ ಮೊನ್ನೆಯಿಂದ ಮನೇಲಿಲ್ಲ. ಎಲ್ಲೋ ಬಿದ್ದಿರುತ್ತೆ ಅಂದ್ಕೊಂಡಿದ್ದೆ. ಅದನ್ನ ತಗೊಳ್ಳೋನು ಜೀಷಾನ್ ಒಬ್ನೇ."

ಲಕ್ಷ್ಮಿದೇವಮ್ಮ ಬಗ್ಗಿ ಫೋನಿನ ಹತ್ತಿರಕ್ಕೆ ಬಾಯಿ ತಂದರು.

"ತಾಯಿ, ನಾನು ಮೇಸ್ತ್ರಿ ಬೈರಪ್ಪನ್ ಮನೆ ಸೊಸೆ ಮಾತಾಡ್ತಿರಾದು. ಆ ಹುಡುಗ್ನ ಬಿಡಿಸ್ಬೇಕು. ನೀನ್ ನಾಳೆ ಇಲ್ಲೀಗ್ ಬತ್ತೀಯಾ?"

"ವೀರಣ್ಣನ್ನ ಕರ್ಕಂಡ್ ಬಂದಿದ್ ಆಯ್ತು, ಇನ್ ನಾನ್ ಆ ಊರಿಗ್ ಬರಾಕಿಲ್ಲ" ಎಂದಳು ಅಜ್ಜಿ. "ನಮ್ಮನ್ನ ಓಡ್ಸಿದ್ ಊರು ಅದು. ನಾಳೆ ಬೆಳಗ್ಗೆ ಹತ್ತಕ್ಕೆ ನೀನೇ ನಮ್ ಹಿತ್ಲಿಗ್ ಬಾ. ನಿನ್ ಗಂಡನ್ನೂ ಕರ್ಕಂಡ್ ಬಾ. ವೀರಣ್ಣನ್ ಮುಂದೆ ನಿಂತ್ಕಂಡು, ಕಳ್ಳ ಯಾರು ಅಂತ ನಿನ್ ಗಂಡನ್ ಬಾಯಲ್ಲೇ ಯೋಳ್ಸು. ಆಮೇಕೆ ಇಬ್ರೂ ಸ್ಟೇಷನ್ನಿಗ್ ಓಗಾನ."

ಲಕ್ಷ್ಮಿದೇವಮ್ಮ ಹೊಸ ಮನೆಯ ಕಡೆ ನೋಡಿದರು. ಮೂರನೇ ಅಂತಸ್ತಿನ ಬಾಲ್ಕನಿಯಲ್ಲಿ ಚಿಕ್ಕಬೈರಪ್ಪನವರು ಯಾರೊಡನೆಯೋ ಫೋನಿನಲ್ಲಿ ಜೋರಾಗಿ ನಗುತ್ತಿದ್ದರು.

"ಕರ್ಕಂಡ್ ಬತ್ತೀನಿ" ಎಂದರು.

"ಅಷ್ಟರೊಳಗೆ ನಾವು ಹೆಬ್ಬಾಳ ನೋಡ್ಕೊಂಡ್ ಬರ್ಬೇಕು" ಎಂದಳು ರೆಹಾನಾ. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಅವಳು ಪದ್ಮಶ್ರೀಯ ಕೈ ಹಿಡಿದಳು. "ಬೀಗ ಒಡೀಬೇಕು. ಬಾಗಿಲು ಅಲ್ಲೇ ಇದ್ರೆ ಏನ್ ಮಾಡ್ಲಿ, ಅದನ್ನ ನೀನೇ ಹೇಳು. ಬೆಳಿಗ್ಗೆ ಎಂಟಕ್ಕೆ ಫ್ಲೈಓವರ್ ಕೆಳಗೆ ನಿಂತಿರ್ತೀನಿ. ಫೋಟೋ ಮಾತ್ರ ತೆಗೀಬೇಡ."